ದಡದ ಬಿಲ್ಲೆ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಮೀನುಗಾರರು ಮಗುಚಿದ ಹಾಯಿದೋಣಿಯೊಂದನ್ನು ಎಳೆದು ತಂದರು. ಅದಕ್ಕೆ ತನ್ನನ್ನು ಹಗ್ಗದಿಂದ ಕಟ್ಟಿಕೊಂಡಿದ್ದ ಮನುಷ್ಯನಲ್ಲಿ ಉಸಿರು ಉಳಿದಿರಲಿಲ್ಲ. ಹನ್ನೊಂದಕ್ಕೆ ಅವನ ಅಕ್ಕ ಬಂದು ತಮ್ಮನ ಮುಖ ನೋಡಿದಳು. ಹನ್ನೆರಡಕ್ಕೆ, ಕಣ್ಣೊರೆಸಿಕೊಳ್ಳದೆಯೇ, ದೋಣಿ ನಡೆಸುವುದನ್ನು ಕಲಿಸುವ ಶಾಲೆಯ ಮೆಟ್ಟಿಲು ಹತ್ತಿದಳು.

ಕಚೇರಿಯ ಗೋಡೆಯಲ್ಲಿ ಒಂದು ಹಲಗೆ. ಹಲಗೆಯ ತುಂಬ ಮೊಳೆ, ಮೊಳೆಗೊಂದು ಹಿತ್ತಾಳೆಯ ಬಿಲ್ಲೆ, ಬಿಲ್ಲೆಗೊಂದು ನಂಬರು. ಒಂದು ಮುಖದಲ್ಲಿ ‘ದಡ’, ಇನ್ನೊಂದರಲ್ಲಿ ‘ನೀರು’. ಹೊರಡುವವನು ತನ್ನ ಬಿಲ್ಲೆಯನ್ನು ‘ನೀರು’ ಮಾಡಿ ಹೋಗಬೇಕು, ಮರಳಿದ ಮೇಲೆ ‘ದಡ’ ಮಾಡಬೇಕು. ಸಂಜೆ ಆರಕ್ಕೆ ಯಾವುದಾದರೂ ಬಿಲ್ಲೆ ‘ನೀರು’ ಎಂದರೆ, ಹುಡುಕಲು ದೋಣಿ ಹೊರಡಬೇಕು. ತಮ್ಮನ ಹದಿನೇಳನೇ ಬಿಲ್ಲೆ ‘ದಡ’ ಎನ್ನುತ್ತಿತ್ತು.

ಮೇಷ್ಟ್ರು ಅರ್ಧ ಬರೆದ ಅಪಘಾತದ ವರದಿಯನ್ನು ಬಿಟ್ಟು ಎದ್ದು ನಿಂತರು.

“ಕೂತ್ಕೊಳ್ಳಿ ಅಮ್ಮಾ. ನಮಗೂ ಕೈಕಾಲೇ ಆಡ್ತಿಲ್ಲ. ನಿಮ್ಮ ತಮ್ಮನ್ನ ಹುಡುಗರೆಲ್ಲ ‘ಅಜ್ಜ ವಿದ್ಯಾರ್ಥಿ’ ಅಂತ ರೇಗಿಸ್ತಿದ್ರು, ಅವರೂ ನಗ್ತಿದ್ರು. ಏನ್ಮಾಡೋದು, ಹೋಗೋವಾಗ ಬಿಲ್ಲೆ ತಿರುಗಿಸೋದು ಮರೆತುಬಿಟ್ಟಿದ್ದಾರೆ.”

“ಮರೆತನಾ? ನನ್ನ ತಮ್ಮನಾ?”

“ವಯಸ್ಸಾದ ಮೇಲೆ ಸ್ವಲ್ಪ...”

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಕೈ ಅದು. ಕಣ್ಣಿಗೆ ಕಾಣದಂಥ ತಿರುಪನ್ನೂ ಎಲ್ಲಿಟ್ಟೆನೆಂದು ಮರೆತದ್ದಿಲ್ಲ. ಅವನಿಗೆ ದೋಣಿಯ ಹುಚ್ಚು ಹತ್ತಿದಾಗ, “ಕಲಿಯದೆ ನೀರಿಗಿಳಿದ್ರೆ ಕಾಲು ಮುರೀತೀನಿ” ಎಂದು ಇಲ್ಲಿಗೆ ಅಟ್ಟಿದವಳು ಅವಳೇ. ಆಮೇಲೆ ಅವನು ಅವಳ ಊಟದ ಮೇಜಿನ ಮೇಲೆ ಸಮುದ್ರದ ನಕ್ಷೆ ಹರಡಿದ. ಕುರ್ಚಿಯ ಕಾಲಿಗೆಲ್ಲ ಹಗ್ಗ ಬಿಗಿದು, “ಅಕ್ಕಾ, ಈ ಗಂಟು ಬಿಚ್ಚು ನೋಡೋಣ” ಎಂದು ಪ್ರಾಣ ತಿಂದ. ಭರತ ಇಳಿತದ ಲೆಕ್ಕವನ್ನು ಅವಳಿಗೂ ಬಾಯಿಪಾಠ ಮಾಡಿಸಿಬಿಟ್ಟ.

“ಶನಿವಾರ ಆರೂವರೆಗೆ ಫೋನ್ ಮಾಡಿದ್ದೆ. ಎತ್ತಿದ್ದು ನೀವೇ. ಏನಂದ್ರಿ?”

“ಹಲಗೆ ನೋಡಿ ಹೇಳ್ದೆ. ದಡ ಸೇರಿದ್ದಾರೆ ಅಂತ.”

“ಆ ಮಾತು ಕೇಳಿ ದೇವರಿಗೆ ಕೈಮುಗಿದೆ. ಭಾನುವಾರ ನಿಮ್ಮ ಶಾಲೆಗೂ ರಜೆ. ಅವನು ಫೋನ್ ಎತ್ತದೇ ಇದ್ದಾಗ, ದಣಿದು ಮಲಗಿದಾನೆ, ಎಬ್ಬಿಸೋದು ಬೇಡ ಅಂತ ಸುಮ್ಮನಾದೆ.”

ಅವಳು ಚೀಲದಿಂದ ಪ್ಲಾಸ್ಟಿಕ್ ಹೊದಿಕೆಯಲ್ಲಿದ್ದ ಪುಟ್ಟ ಪುಸ್ತಕವನ್ನು ತೆಗೆದಳು. ಮೀನುಗಾರರು ತಮ್ಮನ ಅಂಗಿಯ ಜೇಬಿನಿಂದ ತೆಗೆದು ಕೊಟ್ಟಿದ್ದರು. ಗಾಳಿ ಯಾವ ಕಡೆ, ದೋಣಿ ಎಲ್ಲಿ, ಎಲ್ಲವನ್ನೂ ಹೊತ್ತು ಹೊತ್ತಿಗೆ ಬರೆದಿಡಬೇಕೆಂದು ಕಲಿಸಿದವರು ಇದೇ ಮೇಷ್ಟ್ರು. ಅವನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ. ಅವಳು ಗಟ್ಟಿಯಾಗಿ ಓದಿದಳು.

“ಶನಿವಾರ, ನಾಲ್ಕು: ಗಾಳಿ ತಿರುಗಿತು, ದೋಣಿ ಮಗುಚಿತು. ಅದರ ಬೆನ್ನ ಮೇಲೆ ಕೂತಿದ್ದೇನೆ. ಆರು: ಬಿಲ್ಲೆ ‘ನೀರು’ ಮಾಡಿ ಬಂದಿದ್ದೇನೆ, ಈಗ ನೋಡಿರುತ್ತಾರೆ. ಭಾನುವಾರ, ಬೆಳಿಗ್ಗೆ ಆರು: ಚಳಿ. ಬರುತ್ತಾರೆ. ಹತ್ತು: ಬರುತ್ತಾರೆ.”

ಅಲ್ಲಿಂದ ಮುಂದೆ ಹಾಳೆ ಖಾಲಿ.

“ಯಾರು ತಿರುಗಿಸಿದ್ದು ಮೇಷ್ಟ್ರೇ?”

ಮೇಷ್ಟ್ರು ಹಲಗೆಯನ್ನು ನೋಡಿದರು, ನೆಲವನ್ನು ನೋಡಿದರು.

“ಎಲ್ಲರೂ ಮರೀತಾರಮ್ಮಾ. ಬಂದವರು ತಿರುಗಿಸದೇ ಹೋಗ್ಬಿಡ್ತಾರೆ. ದಿನಾ ಸಂಜೆ ಅರ್ಧ ಹಲಗೆ ‘ನೀರು’ ಅಂತಲೇ ಇರುತ್ತೆ. ಒಬ್ಬೊಬ್ಬರ ಮನೆಗೂ ಫೋನ್ ಮಾಡಿ ಮಾಡಿ ಸಾಕಾಗಿ... ಎಲ್ಲಾನೂ ನಾನೇ ‘ದಡ’ ಮಾಡಿಬಿಡ್ತೀನಿ.”

“ಆಚೆ ಹೋಗಿ ದೋಣಿ ಇದೆಯಾ ಅಂತ ನೋಡೋಕಾಗಲಿಲ್ವಾ? ಐವತ್ತು ಹೆಜ್ಜೆ!”

“ಮಳೆ ಹನೀತಿತ್ತು.”

“ಹನೀತಿತ್ತಾ! ಅಯ್ಯೋ, ನೀವು ನೆಂದುಹೋಗ್ತಿದ್ರಲ್ಲಾ!” ಅಕ್ಕನ ಕೈ ಮೇಜಿಗೆ ಬಡಿದ ರಭಸಕ್ಕೆ ಪೆನ್ನು ಉರುಳಿ ಕೆಳಗೆ ಬಿತ್ತು. “ಎಲ್ಲರೂ ಮರೀತಾರೆ ಅಂತ, ಮರೆಯದೇ ಇದ್ದ ಒಬ್ಬನನ್ನ ಕೊಂದ್ರಿ. ನೀವು ಕಲಿಸಿದ್ದನ್ನ ನೀವೇ ನಂಬಲಿಲ್ಲ. ಅವನು ನಂಬಿದ. ಎತ್ಕೊಳ್ಳಿ ಆ ಪೆನ್ನು. ಆ ವರದಿಯಲ್ಲಿ ‘ಮರೆತರು’ ಅನ್ನೋದನ್ನ ಹೊಡೆದುಹಾಕಿ, ‘ನಾನು ತಿರುಗಿಸಿದೆ’ ಅಂತ ಬರೀರಿ.”

ಮೇಷ್ಟ್ರು ಬರೆದರು. ಆಮೇಲೆ ಎದ್ದು ಹಲಗೆಯ ಕಡೆ ಕೈ ಚಾಚಿದರು.

“ಅದನ್ನ ಮುಟ್ಟಬೇಡಿ!”

ಅಕ್ಕ ತಾನೇ ಹೋಗಿ ಹದಿನೇಳನೇ ಬಿಲ್ಲೆಯನ್ನು ‘ನೀರು’ ಮಾಡಿದಳು. ಅದರೆದುರೇ ನಿಂತು, ಕಣ್ಣು ಮುಚ್ಚಿ ಕೈ ಜೋಡಿಸಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ದೇವರೊಡನೆಯೂ ಅದೇ ದನಿಯಲ್ಲಿ ಮಾತಾಡಿದಳು.

“ಶನಿವಾರ ನಿನಗೆ ಮುಗಿದ ಕೈಯನ್ನ ವಾಪಸ್ ಕೇಳಲ್ಲ, ನೀನೇ ಇಟ್ಕೋ. ಆದರೆ ಈ ಹಲಗೆ ನಂಬಿ ಕೂತ್ಕೋಬೇಡ ನನ್ನಪ್ಪಾ. ನೀನೇ ಎದ್ದು ಹೋಗಿ ನೋಡು. ಅವನಿನ್ನೂ ಕಾಯ್ತಿರ್ತಾನೆ. ಆ ಜೀವಕ್ಕೆ ಶಾಂತಿ ಕೊಡು. ದಡ ಸೇರಿಸು.”