ನಾಲ್ಕನೇ ಸಾಲು

ಪಕ್ಕದಲ್ಲಿ ಕೂತ ಯುವಕ ಕಣ್ಣು ಮುಚ್ಚಿಕೊಂಡು ಏನೋ ಗುನುಗುತ್ತಿದ್ದ. ಪಾಪ, ಪ್ರಾರ್ಥನೆ ಇರಬೇಕು ಅಂದುಕೊಂಡಳು ಅವಳು. ಕಿವಿಗೊಟ್ಟಾಗ ಗೊತ್ತಾಯಿತು: ಡಿ, ಎಫ್, ಎನ್, ಪಿ, ಟಿ... ಕಣ್ಣಿನ ಪರೀಕ್ಷೆಯ ಪಟ! ಭೂಪ ಇಡೀ ಪಟವನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದ.

"ಮೇಡಂ, ಎದುರಿನ ಬೋರ್ಡಲ್ಲಿ ಏನು ಬರೆದಿದೆ?" ಎಂದು ಕೇಳಿದ. ಬೋರ್ಡು ನಾಲ್ಕು ಹೆಜ್ಜೆ ದೂರದಲ್ಲಿತ್ತು.

"ಸದ್ದು ಮಾಡಬೇಡಿ ಅಂತಿದೆ."

ಅವನು ನಾಚಿಕೊಳ್ಳಲೂ ಇಲ್ಲ. "ಪಟ ನಮ್ಮಣ್ಣ ಬರೆಸಿದ್ದು. ಹೋದ ವರ್ಷ ಇಲ್ಲೇ ಪಾಸಾದ. ಈಗ ಯುದ್ಧವಿಮಾನ ಹಾರಿಸ್ತಿದಾನೆ. ನಮ್ಮಿಬ್ಬರ ಕನ್ನಡಕದ ನಂಬರೂ ಒಂದೇ."

ಅವಳಿಗೆ ಅಂಥ ಗಿಣಿಪಾಠದ ಅಗತ್ಯ ಇರಲಿಲ್ಲ. ಅಮ್ಮ ಬಟ್ಟೆ ಹೊಲಿಯುವವಳು. ಆರನೇ ವಯಸ್ಸಿನಿಂದ ಮನೆಯ ಸೂಜಿಗಳಿಗೆಲ್ಲ ದಾರ ಪೋಣಿಸಿದವಳು ಇವಳೇ. "ಇವಳ ಕಣ್ಣು ತಪ್ಪಿಸಿ ಒಂದು ಸೊಳ್ಳೆನೂ ಹಾರಲ್ಲ" ಎಂದು ಚಿಕ್ಕಮ್ಮ ರೇಗಿಸುತ್ತಿದ್ದಳು. ಲಿಖಿತ ಪರೀಕ್ಷೆ, ಓಟ, ಸಂದರ್ಶನ ಎಲ್ಲ ಮುಗಿದು, ವಾಯುಪಡೆಯ ಪೈಲಟ್ ಆಗಲು ಉಳಿದಿದ್ದು ಇದೊಂದೇ ಬಾಗಿಲು. ಮುಂದಿನ ತಿಂಗಳಿಗೆ ಅವಳ ವಯಸ್ಸಿನ ಮಿತಿ ಮುಗಿಯುತ್ತಿತ್ತು. ಇವತ್ತು ತಪ್ಪಿದರೆ ಜನ್ಮಕ್ಕೆ ತಪ್ಪಿದ ಹಾಗೆ. ಆದರೆ ಕಣ್ಣಿನ ಬಗ್ಗೆ ಅವಳಿಗೆ ಚೂರೂ ಭಯವಿರಲಿಲ್ಲ.

ಜವಾನ ಒಳಗಿನಿಂದ ಬಂದ. ಕಂಕುಳಲ್ಲಿ ಸುತ್ತಿದ ಹಳದಿ ಕಾಗದ.

"ಹಳೇ ಪಟ," ಎಂದ, ಯಾರೂ ಕೇಳದಿದ್ದರೂ. "ಬೆಳಿಗ್ಗೆ ಹೊಸದು ಹಾಕ್ದೆ. ಮೇಲಿನ ಮೂರು ಸಾಲು ಅದೇ, ಕೆಳಗಿನವೆಲ್ಲ ಬೇರೆ."

ಯುವಕನ ಮುಖ ಬಿಳಿಚಿಕೊಂಡಿತು. "ಡಾಕ್ಟರಿಗೆ ಹೇಳಿದ್ರಾ?"

"ಹೇಳೋದೇನು ಬಂತು? ಅವರ ಕೋಣೆ ಗೋಡೆ, ಅವರ ಕಣ್ಣಿಗೆ ಬೀಳಲ್ವಾ?" ಎಂದವನೇ ಯುವಕನ ಹೆಸರು ಕೂಗಿದ.

ಅವಳಿಗೆ ಅಯ್ಯೋ ಅನ್ನಿಸಿತು. ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು. ಸುಳ್ಳು ಯಾಕೆ ಹೇಳಬೇಕು? ಬೋರ್ಡು ಓದಲಾರದವನು ನಾಳೆ ಆಕಾಶದಲ್ಲಿ ತನ್ನ ಪಕ್ಕ ಹಾರುವುದು ಬೇಡವೇ ಬೇಡ.

ಅರೆತೆರೆದ ಬಾಗಿಲಿನಿಂದ ಅವನ ದನಿ ಕೇಳಿಸಿತು. ಬೇರೆ ದಾರಿಯಿಲ್ಲದೆ ಹಳೇ ಪಟವನ್ನೇ ಒಂದೇ ಉಸಿರಿಗೆ ಒಪ್ಪಿಸಿದ. ಡಿ, ಎಫ್, ಎನ್, ಪಿ, ಟಿ...

ಠಪ್ ಎಂದು ಮೊಹರು ಬಿತ್ತು. "ಹದ್ದಿನ ಕಣ್ಣು ಕಣಪ್ಪಾ ನಿಂದು! ಹೋಗು, ಪಾಸು."

ಹದ್ದು ಹೊರಗೆ ಬರುವಾಗ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಂಡಿತು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ದೊಡ್ಡ ಹುದ್ದೆಯಲ್ಲಿರುವ ಮಾವ ಯಾರೋ ಡಾಕ್ಟರಿಗೆ ಫೋನು ಮಾಡಿರಬೇಕು, ಇನ್ನೇನು?

"ಮೇಜಿನ ಮೇಲಿಂದು ಯಾವುದನ್ನೂ ಮುಟ್ಟಬೇಡಿ," ಎಂದು ಜವಾನ ಅವಳನ್ನು ಒಳಗೆ ಕರೆದೊಯ್ಯುತ್ತ ಕಿವಿಯಲ್ಲಿ ಹೇಳಿದ. "ಒಂದಂಗುಲ ಆಚೀಚೆ ಆದ್ರೂ ಸಾಹೇಬ್ರು ಕೂಗಾಡ್ತಾರೆ. ಭಾರೀ ಶಿಸ್ತು."

ಶಿಸ್ತು ಎದ್ದು ಕಾಣುತ್ತಿತ್ತು. ಎಡಕ್ಕೆ ಪಾಸಿನ ಮೊಹರು, ಬಲಕ್ಕೆ ಫೇಲಿನದು. ನಡುವೆ ಮೇಜಿಗೆ ಮೊಳೆ ಹೊಡೆದು ಕೂರಿಸಿದ ಕ್ಲಿಪ್ಪಿನ ರಟ್ಟು. ಅದಕ್ಕೆ ಜವಾನ ಅವಳ ಫಾರಂ ಸಿಕ್ಕಿಸಿ ಹೋದ. ವಯಸ್ಸಾದ ಡಾಕ್ಟರು ಪಟಕ್ಕೆ ಬೆನ್ನು ಮಾಡಿ ಕೂತಿದ್ದರು. ಅಭ್ಯರ್ಥಿ ಓದುವುದನ್ನು ಸಂಗೀತದ ಮೇಷ್ಟರ ಹಾಗೆ ತಲೆ ವಾಲಿಸಿ ಕೇಳುವುದು ಅವರ ಪದ್ಧತಿ.

ಅವಳು ಓದಿದಳು. ಮೂರು ಸಾಲಿಗೆ ಅವರ ತಲೆ ತೂಗಿತು.

"ಝಡ್, ಯು, ಎಚ್, ಕೆ, ವಿ..."

ತೂಗುತ್ತಿದ್ದ ತಲೆ ನಿಂತಿತು. "ನಾಲ್ಕನೇದು ಇನ್ನೊಂದ್ಸಲ."

"ಝಡ್, ಯು, ಎಚ್, ಕೆ, ವಿ."

ಬಲಗಡೆಯ ಮೊಹರು ಠಪ್ ಎಂದಿತು. ಜವಾನ ಬಂದು ಫಾರಂ ಬಿಡಿಸಿಕೊಂಡು ಹೋದ.

"ಸರ್, ಒಂದ್ಸಲ ತಿರುಗಿ ನೋಡಿ ಸರ್!"

ಅವರು ಸಿಟ್ಟಾಗಲಿಲ್ಲ. ಕುರ್ಚಿ ತಿರುಗಿಸಿ, ಗೋಡೆಯತ್ತ ಮುಖ ಮಾಡಿ, ಸಾವಧಾನವಾಗಿ ಕೂತರು. "ನೋಡ್ದೆ. ನಾಲ್ಕನೇ ಸಾಲು ಡಿ ಇಂದಾನೇ ಶುರುವಾಗೋದು. ಇಪ್ಪತ್ತೆರಡು ವರ್ಷದಿಂದ ಈ ಪಟದ ಜೊತೆ ಇದೀನಮ್ಮ."

ಹಾಡಹಗಲಲ್ಲಿ, ಮುಖಕ್ಕೆ ಮುಖ ಕೊಟ್ಟು, ಇಷ್ಟು ದೊಡ್ಡ ಸುಳ್ಳು! ಆದರೂ ಅವಳು ಅಂಗಲಾಚಿದಳು. "ಸರ್, ನನಗೆ ಇದೇ ಕೊನೇ ಸಲ..."

"ಅಳಬೇಡ, ಕಣ್ಣೊರೆಸ್ಕೋ," ಎಂದರು. ಅವಳ ಕಣ್ಣಲ್ಲಿ ಇನ್ನೂ ನೀರು ಬಂದಿರಲಿಲ್ಲ. "ಸಣ್ಣ ದೋಷಕ್ಕೆ ವಿನಾಯಿತಿ ಕೊಡೋದುಂಟು. ಆ ಕಿಟಕಿ ಹತ್ರ ಅರ್ಜಿಗಳಿವೆ. ನನಗೆ ದೃಷ್ಟಿದೋಷ ಇದೆ ಅಂತ ನಿನ್ನ ಕೈಯಾರೆ ಬರೆದುಕೊಡು. ಶಿಫಾರಸಿಗೆ ನಾನು ಸಹಿ ಹಾಕ್ತೀನಿ. ಕಣ್ಣಿನ ವಿಚಾರದಲ್ಲಿ ಮಂಡಳಿಯವರು ನನ್ನ ಮಾತು ಇವತ್ತಿನವರೆಗೂ ತೆಗೆದುಹಾಕಿಲ್ಲ."

ಅರ್ಜಿಯ ತಳದಲ್ಲಿ ಸಾಸಿವೆಗಿಂತ ಸಣ್ಣ ಅಕ್ಷರದ ಸಾಲೊಂದಿತ್ತು. ಅವಳು ಅದನ್ನು ನಿಂತಲ್ಲೇ ಓದಿದಳು: 'ಸುಳ್ಳು ಹೇಳಿಕೆ ಶಿಕ್ಷಾರ್ಹ.' ಹಲ್ಲು ಕಚ್ಚಿಕೊಂಡು ಬರೆದಳು: 'ನನ್ನ ದೃಷ್ಟಿಯಲ್ಲಿ ದೋಷವಿದೆ.' ಹಾರಬೇಕಲ್ಲ? ಅಷ್ಟು ಅವಮಾನ ನುಂಗಬೇಕಾಯಿತು.

ಏನನ್ನೂ ಮುಟ್ಟಬಾರದೆಂದು ಜವಾನ ಹೇಳಿದ್ದು ನೆನಪಾಗಿ, ಅರ್ಜಿಯನ್ನು ಮೇಜಿನ ಅಂಚಿನಲ್ಲಿ ಮೆಲ್ಲನೆ ಇಟ್ಟಳು. "ಇಟ್ಟಿದೀನಿ ಸರ್."

ಡಾಕ್ಟರು ಪೆನ್ನು ತೆಗೆದರು. ಸರಾಗವಾಗಿ, ಉದ್ದಕ್ಕೆ ಸಹಿ ಎಳೆದು, ಕೆಳಗೆ ಎರಡು ಚುಕ್ಕೆ ಇಟ್ಟು, ಮುಚ್ಚಳ ಹಾಕಿದರು. "ತಗೊಂಡು ಹೋಗಮ್ಮ. ಒಳ್ಳೇದಾಗಲಿ," ಎಂದು ಬಾಗಿಲತ್ತ ನೋಡಿ ನಕ್ಕರು.

ಅರ್ಜಿ ಮೇಜಿನ ಅಂಚಿನಲ್ಲಿ ಹಾಗೇ ಇತ್ತು. ಸಹಿ ಮಾತ್ರ ಖಾಲಿ ರಟ್ಟಿನ ಮೇಲೆ ಬಿದ್ದಿತ್ತು.