ಏಳು ಇಂಚು ದೂರದ ಊರು

"ಒಂಬತ್ತು ಇಂಚು. ಅಂದ್ರೆ ಒಂಬತ್ತು ಸಾವಿರ ಕಿಲೋಮೀಟರು, ಹನ್ನೊಂದು ಗಂಟೆ ಮೇಲಾಯ್ತು. ಆಗೋದಿಲ್ಲ ಬಿಡು," ಎಂದು ದರ್ಜಿ ಟೇಪನ್ನು ಕೊರಳಿಗೆ ಹಾಕಿಕೊಂಡ.

ಮಗಳಿಗೆ ತಲೆ ಚಿಟ್ಟು ಹಿಡಿದುಹೋಯಿತು. ಪಕ್ಕದ ಮನೆಯ ಮೇಷ್ಟ್ರನ್ನು ಕೇಳಿ ತಂದ ಗ್ಲೋಬು ಹೊಲಿಗೆ ಯಂತ್ರದ ಪಕ್ಕ, ಕತ್ತರಿಸಿಟ್ಟ ಅಂಗಿಯ ತೋಳುಗಳ ನಡುವೆ ಕೂತಿತ್ತು. ಅದರ ಮೇಲೆ ಒಂದು ಇಂಚೆಂದರೆ ಸಾವಿರ ಕಿಲೋಮೀಟರು. ಅಪ್ಪನ ಷರತ್ತೂ ಅಷ್ಟೇ ಸರಳ: ಹುಡುಗನಿರುವುದು ವಿಮಾನ ಹತ್ತಿ ಹತ್ತು ಗಂಟೆಯೊಳಗೆ ಮುಟ್ಟುವ ಊರಾದರೆ ಮದುವೆಗೆ ಒಪ್ಪಿಗೆ, ಒಂದು ಗಂಟೆ ಹೆಚ್ಚಾದರೂ ಇಲ್ಲ. ಉತ್ತರ ಕೇಳಲು ಹುಡುಗನ ತಾಯಿ ಸಂಜೆ ಫೋನ್ ಮಾಡುವವರಿದ್ದರು. ಈ ಮಹಾರಾಯ ನೋಡಿದರೆ ಮಧ್ಯಾಹ್ನದಿಂದ ಭೂಮಿಯ ಅಳತೆ ತೆಗೆಯುತ್ತಲೇ ಇದ್ದ.

"ಅಪ್ಪ, ಮೊಬೈಲಲ್ಲಿ ಏಳು ಸಾವಿರ ಅಂತ ಎದ್ದು ಕಾಣ್ತಿದೆ. ಒಂಬತ್ತು ಗಂಟೆ ಪ್ರಯಾಣ."

"ಮೊಬೈಲು ನೂರು ಹೇಳುತ್ತೆ. ಮೊನ್ನೆ ಬಿಸಿಲು ಅಂತು, ಒಣಹಾಕಿದ ಬಟ್ಟೆ ಎಲ್ಲಾ ತೊಯ್ದು ತೊಪ್ಪೆ ಆಯ್ತು."

"ಹಂಗಾದ್ರೆ ನನ್ನ ಕಣ್ಣೆದುರಿಗೇ ಇನ್ನೊಂದ್ಸಲ ಅಳಿ."

ಅವನು ಕನ್ನಡಕ ಏರಿಸಿ, ಟೇಪಿನ ತುದಿಯನ್ನು ತಮ್ಮ ಊರಿನ ಮೇಲೆ ಒತ್ತಿ ಹಿಡಿದ. ಗ್ಲೋಬು ಗರ್ರನೆ ತಿರುಗಿತು. "ನೆಟ್ಟಗೆ ನಿಂತ್ಕೊಳಪ್ಪ," ಎಂದು ಅದಕ್ಕೇ ಗದರಿದ. ಮಗಳು ಹಲ್ಲು ಕಚ್ಚಿ ಎರಡೂ ಕೈಯಿಂದ ಗ್ಲೋಬನ್ನು ಹಿಡಿದುಕೊಂಡಳು. ಟೇಪು ಸಮುದ್ರ ದಾಟಿತು, ಮರಳುಗಾಡು ದಾಟಿತು, ಹುಡುಗನ ಊರಿನ ಚುಕ್ಕೆಯ ಮೇಲೆ ಸರಿಯಾಗಿ ಏಳಕ್ಕೆ ಬಂದು ನಿಂತಿತು. ದರ್ಜಿಯ ಹೆಬ್ಬೆರಳು ಮಾತ್ರ ಅಲ್ಲಿ ನಿಲ್ಲದೆ ಒಂಬತ್ತರವರೆಗೆ ಜಾರಿತು.

"ಅಯ್ಯೋ, ಏಳಕ್ಕೆ ಮುಗೀತಲ್ಲ! ಇನ್ನೆರಡು ಇಂಚು ಯಾಕೆ?"

"ಹೊಲಿಗೆ ಒಳಗೆ ಬಿಡೋಕೆ. ಎರಡು ಇಂಚು ಬಿಡದೆ ಕತ್ತರಿ ಹಾಕಿದವನಲ್ಲ ನಾನು. ನಾಳೆ ಮೈ ಬಂದ್ರೆ ಬಿಚ್ಚಿ ಅಗಲ ಮಾಡೋಕೆ ಬೇಡ್ವಾ?"

"ಇದು ಭೂಮಿ ಅಪ್ಪ, ಅಂಗಿ ಅಲ್ಲ! ಮೈ ಬರೋಕೆ ಇದೇನು ಬಾಣಂತಿನಾ? ನಿನ್ನ ಹೊಲಿಗೇಲಿ ಎರಡು ಸಾವಿರ ಕಿಲೋಮೀಟರು ಸೇರ್ಕೊಂಡು ಕೂತಿದೆ!"

ದರ್ಜಿಗೆ ನಗು ಬರಲಿಲ್ಲ. "ಮೋಡ ಅಡ್ಡ ಬಂದ್ರೆ ಸುತ್ತಿ ಹೋಗ್ಬೇಕಲ್ಲ," ಎಂದ. ಸ್ವಲ್ಪ ಯೋಚಿಸಿ, "ಇಳಿಯೋಕೆ ಜಾಗ ಇಲ್ಲ ಅಂತ ಮೇಲೇ ಸುತ್ತಿಸಿದ್ರೆ?" ಎಂದ.

"ಸಾಕು!" ಮಗಳ ದನಿ ಒಡೆಯಿತು. "ನೀನು ಅಳೀತಿಲ್ಲ, ನೆಪ ಹುಡುಕ್ತಿದೀಯ. ಆ ಊರು ಪಕ್ಕದ ಬೀದೀಲಿದ್ರೂ ನಿನ್ನ ಟೇಪಿಗೆ ದೂರಾನೇ. ಬೇಡ ಅಂದ್ರೆ ಬಾಯ್ಬಿಟ್ಟು ಬೇಡ ಅನ್ನು. ಹಿಂಗ್ಯಾಕೆ ಜೀವ ಹಿಂಡ್ತೀಯ?"

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಹುಡುಗನ ತಾಯಿಯೇ. ಮಗಳು ಅದನ್ನು ಎತ್ತದೆ ಅಪ್ಪನ ಮುಖವನ್ನೇ ನೋಡಿದಳು. ಅವನು ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

"ಎತ್ತು. ಅಪ್ಪ ಒಪ್ಪಿದಾರೆ ಅಂತ ಹೇಳು."

ಅವಳು ಫೋನಿಗೆ ಕೈ ಚಾಚಿದಳು. ಅವನು ಗ್ಲೋಬಿನ ಕಡೆ ತಿರುಗಿಕೊಂಡೇ ಹೇಳಿದ:

"ಹುಟ್ಟಿದಾಗಿಂದ ನಿನ್ನ ಬಟ್ಟೆಗೆ ಟೇಪು ಹಿಡಿದವನಲ್ಲ ಕಣೇ. ದಿನಾ ನೋಡ್ತಿದ್ದೆ, ಕಣ್ಣಳತೇಲೇ ಕತ್ತರಿಸ್ತಿದ್ದೆ. ಇನ್ಮೇಲೆ ನೀನು ಬಂದಾಗೆಲ್ಲ ಗಿರಾಕಿ ಥರ ಎದುರಿಗೆ ನಿಲ್ಲಿಸ್ಕೊಂಡು ಅಳೀಬೇಕಲ್ಲ."