ಉಕ್ಕಿದ ಹಿಟ್ಟು

“ಈ ಮಿಷಿನ್ನಿನೊಳಗೆ ದೋಸೆಹಿಟ್ಟು ಇಟ್ಟೋರು ಯಾರು?” ಎಂದು ಪ್ರೊಫೆಸರು ಕೂಗಿದರು.

ಪ್ರಯೋಗಾಲಯದಲ್ಲಿ ಬೂಷ್ಟು ಬೆಳೆಸುವ ಬೆಚ್ಚನೆಯ ಪೆಟ್ಟಿಗೆಯಲ್ಲಿ, ಮೇಲಿನ ತಂತಿ ಶೆಲ್ಫಿನ ಮೇಲೆ, ಸ್ಟೀಲ್ ಡಬ್ಬಿಯೊಂದು ಕೂತಿತ್ತು.

“ನಾನೇ ಸಾರ್,” ಎಂದಳು ಗಾಜಿನ ಸಾಮಾನು ತೊಳೆಯುವ ಚೆನ್ನಾಜಮ್ಮ. “ಈ ಚಳೀಗೆ ಮನೇಲಿ ಹಿಟ್ಟು ಉಬ್ಬೋದೇ ಇಲ್ಲ. ಇಲ್ಲಿಟ್ರೆ ಸಂಜೆಯೊಳಗೆ ಹೂವಿನಂಗೆ ಬರ್ತದೆ.”

“ಮೊದಲೂ ಇಟ್ಟಿದ್ಯಾ?”

“ಹೋದ ವಾರ ಒಂದ್ಸಲ ಸಾರ್. ಉಕ್ಕಿ ಕೆಳಗಿನ ಶೆಲ್ಫಿನ ಆರು ಬೂಷ್ಟಿನ ಬಾಟ್ಲಿ ಮೇಲೆ ಸುರೀತು. ಹತ್ತಿ ಬಿರಡೆ ನೆಂದಿತ್ತು, ಒರೆಸಿಬಿಟ್ಟೆ.”

ಆ ಬೂಷ್ಟಿನಿಂದ ಔಷಧ ತೆಗೆಯಲು ಪ್ರೊಫೆಸರು ನಾಲ್ಕು ವರ್ಷದಿಂದ ಹೆಣಗುತ್ತಿದ್ದರು. ಸಿಕ್ಕಿದ್ದು ಉಗುರಿಗೆ ಅಂಟುವಷ್ಟು. ಬೇರೆ ಯಾವ ಜೀವಾಣುವೂ ಒಳಗೆ ಬರಬಾರದೆಂದು ಬಾಗಿಲಲ್ಲೇ ಎಲ್ಲರ ಚಪ್ಪಲಿ ಬಿಡಿಸುತ್ತಿದ್ದರು. ಈಗ ಹಾಳೆಯೊಂದನ್ನು ಎಳೆದುಕೊಂಡು, ಚೆನ್ನಾಜಮ್ಮನನ್ನು ಕೆಲಸದಿಂದ ತೆಗೆಯುವ ಪತ್ರ ಬರೆಯತೊಡಗಿದರು.

“ಇನ್ನೆರಡೇ ವರ್ಷಕ್ಕೆ ಪಿಂಚಣಿ ಸಾರ್.”

“ಹಿಟ್ಟು ತಗೊಂಡು ಹೊರಡಮ್ಮ.”

ಅಷ್ಟರಲ್ಲಿ ಸಂಶೋಧನಾ ವಿದ್ಯಾರ್ಥಿನಿ ಓಡಿಬಂದಳು. “ಸಾರ್, ಹೋದ ವಾರದ ಫಲಿತಾಂಶ ಬಂತು. ಉಳಿದಿದ್ದೆಲ್ಲ ಎಂದಿನ ಹಾಗೇ. ಕೆಳಗಿನ ಶೆಲ್ಫಿನ ಆರು ಬಾಟ್ಲಿಯಲ್ಲಿ ಮಾತ್ರ ಔಷಧ ಎಂಟು ಪಟ್ಟು! ಅದರಲ್ಲಿ ಬೂಷ್ಟಿನ ಜೊತೆಗೆ ಯಾವುದೋ ಬ್ಯಾಕ್ಟೀರಿಯಾನೂ ಬೆಳೆದಿದೆ ಸಾರ್.”

ಪ್ರೊಫೆಸರ ಪೆನ್ನು ನಿಂತಿತು. ಚೆನ್ನಾಜಮ್ಮ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದಳು.

“ರೀ ಚೆನ್ನಾಜಮ್ಮ, ಉದ್ದು ಎಷ್ಟು ಹಾಕಿದ್ರಿ?”

“ಮೂರು ಪಾವು ಅಕ್ಕಿಗೆ ಒಂದು ಪಾವು ಸಾರ್. ಮೇಲೊಂದು ಚಿಟಿಕೆ ಮೆಂತ್ಯ.”

ಅವರು ಪತ್ರವನ್ನು ಮಗುಚಿ, ಹಿಂಬದಿಯಲ್ಲಿ ಆ ಅಳತೆಯನ್ನು ಬರೆದುಕೊಂಡರು.